ಗಿಣಿ ಸಾಕಿದವರು ಯಾರು?

ಕಳೆದ ತಿಂಗಳು ದ್ವಿತೀಯ ವರ್ಷದ ತರಗತಿಯಲ್ಲಿ ಜನ್ನನ 'ಯಶೋಧರ ಚರಿತೆ' ನಡೆಯುತ್ತಿತ್ತು. ಮಹಾರಾಣಿ ಅಮೃತಮತಿ ಬೆಳಗಿನ ಜಾವ ಮಾವುತನೊಬ್ಬನ ಹಾಡು ಕೇಳಿ ಮನಸೋಲುವ ಭಾಗ. ಪದ್ಯವನ್ನು ಎರಡು ಸಲ ಓದಿ ಅನ್ವಯ ಹೇಳುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ ಸಣ್ಣ ದನಿಯಲ್ಲಿ ಒಂದು ಸಿನಿಮಾ ಹಾಡಿನ ಪಲ್ಲವಿ ಎತ್ತಿದರು. 'ನೀನೇ ಸಾಕಿದ ಗಿಣಿ'. ತರಗತಿ ಘೊಳ್ಳೆಂದು ನಕ್ಕಿತು. ಸಂದರ್ಭಕ್ಕೆ ಸರಿಯಾಗಿ ಕೂತಿತ್ತು ನೋಡಿ, ನಾನೂ ನಕ್ಕುಬಿಟ್ಟೆ. ಆದರೆ ಹಾಡಿದ ಹುಡುಗ ನೋಡುತ್ತಿದ್ದದ್ದು ಪುಸ್ತಕದ ಅಮೃತಮತಿಯನ್ನಲ್ಲ, ಎಡಗಡೆ ಸಾಲಿನ ಮೂರನೇ ಬೆಂಚನ್ನು. ಅಲ್ಲಿದ್ದ ಒಬ್ಬಳು ನಗಲಿಲ್ಲ. ತಲೆ ಬಗ್ಗಿಸಿ ಪುಟದ ಅಂಚಿನಲ್ಲಿ ಏನೋ ಗೀಚುತ್ತಾ ಕೂತಳು. ಕಾರಿಡಾರಿನಲ್ಲೂ ಅವಳು ಹಾದುಹೋಗುವಾಗಲೆಲ್ಲ ಇದೇ ಹಾಡು ನಡೆಯುತ್ತದೆಂಬುದು ನನಗೆ ಆಮೇಲೆ ತಿಳಿಯಿತು.

ನಕ್ಕಿದ್ದು ತಪ್ಪಾಯಿತು. ಸಂಘದ ಪತ್ರಿಕೆಗೆ ಕಂದಪದ್ಯದ ಮೇಲೆ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದವನು ಅದನ್ನು ಬಿಟ್ಟು ಈ ಹಾಡಿನ ಮೇಲೆ ಬರೆಯುತ್ತಿರುವುದು ಆ ತಪ್ಪಿನ ದಂಡವೆಂದೇ ತಿಳಿಯಿರಿ. ಸಂಪಾದಕರು ಮುಖ ಸಿಂಡರಿಸಿದರು. "ಸಾರ್, ಸಿನಿಮಾ ಹಾಡು ಸಾಹಿತ್ಯಾನಾ?" ಅಂತ ಕೇಳಿದರು. ಆ ಚರ್ಚೆ ನನಗೆ ಬೇಡ. ಇದೇ ಹಾಡು ಒಬ್ಬ ಮನುಷ್ಯನನ್ನು ಎತ್ತಿ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನಿಗೆ ಊರುಗೋಲಾದದ್ದು ನಮ್ಮ ಕಾರಿಡಾರಿನಲ್ಲಿ ಕಲ್ಲಾಗಿದೆ. ಅದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಹಾಡಿನ ಕುಲಗೋತ್ರ ಹೇಳಿಬಿಡುತ್ತೇನೆ. ಪುಟ್ಟಣ್ಣ ಕಣಗಾಲರ 'ಮಾನಸ ಸರೋವರ' ೧೯೮೨ರ ಚಿತ್ರ. ಹಾಡು ಬರೆದವರು ವಿಜಯನಾರಸಿಂಹ, ಸಂಗೀತ ವಿಜಯಭಾಸ್ಕರ್, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ತೆರೆಯ ಮೇಲೆ ಶ್ರೀನಾಥ್. ಮನೋರೋಗ ವೈದ್ಯನೊಬ್ಬ ವಾಸಂತಿ ಎಂಬ ಹುಡುಗಿಯ ಕಾಯಿಲೆ ವಾಸಿಮಾಡುತ್ತಾನೆ. ವಾಸಿಮಾಡುತ್ತ ಮಾಡುತ್ತ ಅವಳನ್ನು ಪ್ರೀತಿಸುತ್ತಾನೆ. ಗುಣವಾದ ಹುಡುಗಿ ಮನಸ್ಸು ಕೊಡುವುದು ಬೇರೊಬ್ಬ ತರುಣನಿಗೆ. ಹುಚ್ಚು ಬಿಡಿಸುತ್ತಿದ್ದ ವೈದ್ಯನಿಗೇ ಹುಚ್ಚು ಹಿಡಿಯುತ್ತದೆ. ಗಡ್ಡ ಬಿಟ್ಟು, ಚಿಂದಿ ಬಟ್ಟೆಯಲ್ಲಿ ಅಲೆಯುತ್ತಾ ಅವನು ಹಾಡುವ ಹಾಡು ಇದು. ತಾನು ಮುದ್ದಿನಿಂದ ಸಾಕಿದ ಗಿಣಿ ಹದ್ದಾಗಿ ತನ್ನನ್ನೇ ಕುಕ್ಕಿ, ಮನಸ್ಸಿಗೆ ಬೆಂಕಿಯಿಟ್ಟು ಹಾರಿಹೋಯಿತು ಎಂಬುದು ಅದರ ತಿರುಳು.

ಇನ್ನು ಕಾಮಠಿಯ ವಿಷಯ.

ಕಾಲೇಜಿನಲ್ಲಿ ಎನ್.ಸಿ.ಸಿ. ನಡೆಸುವ ಮೇಷ್ಟ್ರುಗಳನ್ನು ತರಬೇತಿಗೆ ಕಾಮಠಿಗೆ ಕಳಿಸುತ್ತಾರೆಂಬುದು ನಿಮ್ಮಲ್ಲಿ ಕೆಡೆಟ್ ಆಗಿರುವವರಿಗೆ ಗೊತ್ತು. ನಾಗಪುರದಿಂದ ಹದಿನೈದು ಹದಿನಾರು ಕಿಲೋಮೀಟರು ಆಚೆ, ಕನ್ಹಾನ್ ನದಿಯ ದಂಡೆಯ ಊರು. ೧೮೨೧ರಲ್ಲಿ ಇಂಗ್ಲಿಷರು ಅಲ್ಲಿ ದಂಡಿನ ಠಾಣ್ಯ ಹೂಡಿದರು. ಮದರಾಸು ಸೈನ್ಯದ ತುಕಡಿಗಳು ಬಹುಕಾಲ ಅಲ್ಲಿದ್ದುದರಿಂದ ದಕ್ಷಿಣದ ಜನಕ್ಕೆ ಆ ಊರು ತೀರಾ ಪರದೇಶವೇನಲ್ಲ. ಬಜಾರಿನಲ್ಲಿ ಮರಾಠಿ, ಹಿಂದಿ, ಉರ್ದು ಮೂರೂ ಒಂದೇ ಬಾಯಲ್ಲಿ ಬರುತ್ತವೆ. ಕೈಮಗ್ಗದ ಕೇರಿ, ಬೀಡಿ ಕಟ್ಟುವ ಮನೆಗಳು. ಗಾರ್ಡ್ಸ್ ರೆಜಿಮೆಂಟಿನ ಕೇಂದ್ರ ಇರುವುದೂ ಕಾಮಠಿಯಲ್ಲೇ. ಆ ರೆಜಿಮೆಂಟನ್ನು ೧೯೪೯ರಲ್ಲಿ ಜಾತಿ ಪ್ರಾಂತ ನೋಡದೆ ಎಲ್ಲರನ್ನೂ ಸೇರಿಸಿ ಕಟ್ಟಿದವರು ನಮ್ಮ ಕೊಡಗಿನ ಕಾರ್ಯಪ್ಪನವರು. ಹೀಗಾಗಿ ಅಲ್ಲಿ ಕನ್ನಡದ ಜವಾನರೂ ಸಿಗುತ್ತಾರೆ.

ನಾನು ಹೋದದ್ದು ೧೯೯೦ರ ದಶಕದ ಕೊನೆಯಲ್ಲಿ, ಅದೂ ಬೇಸಿಗೆ ರಜೆಯಲ್ಲಿ. ಈಗ ಅಕಾಡೆಮಿ ಎನ್ನುತ್ತಾರೆ, ಆಗ ಆಫೀಸರ್ಸ್ ಟ್ರೈನಿಂಗ್ ಸ್ಕೂಲ್ ಎನ್ನುತ್ತಿದ್ದರು. ವಿದರ್ಭದ ಮೇ ತಿಂಗಳ ಬಿಸಿಲನ್ನು ಹಳೇ ಮೈಸೂರಿನವನೊಬ್ಬನಿಗೆ ಮಾತಿನಲ್ಲಿ ತಿಳಿಸುವುದು ಕಷ್ಟ. ಉಷ್ಣತೆ ೪೫ ದಾಟುತ್ತದೆ. ಮಧ್ಯಾಹ್ನ ಬೀಸುವ ಗಾಳಿಗೆ ಅವರು 'ಲೂ' ಎನ್ನುತ್ತಾರೆ. ಒಲೆಯ ಬಾಯಿ ತೆರೆದ ಹಾಗೆ. ಒದ್ದೆ ಟವೆಲನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದರೆ ಹತ್ತು ನಿಮಿಷಕ್ಕೆ ಹಪ್ಪಳ. ಬೆಳಗ್ಗೆ ಕತ್ತಲಿರುವಾಗಲೇ ಪರೇಡ್. ಇಪ್ಪತ್ತು ವರ್ಷ ಚಾಕ್‌ಪೀಸ್ ಹಿಡಿದು ಬೊಜ್ಜು ಬೆಳೆಸಿಕೊಂಡವರೆಲ್ಲ ಉಸ್ತಾದನ ಕೂಗಿಗೆ ಕಾಲು ಎತ್ತಿ ಕುಟ್ಟುತ್ತಿದ್ದೆವು. ಬೂಟಿನೊಳಗೆ ಬೊಬ್ಬೆ.

ನನ್ನ ಪಕ್ಕದ ಚಾರ್ಪಾಯಿ ಗದಗಿನ ಕಡೆಯ ಇತಿಹಾಸದ ಮಾಸ್ತರರೊಬ್ಬರದು. ಹೆಸರು ಬೇಡ. ಎತ್ತರದ ಆಳು, ಮಾತು ಕಡಿಮೆ. ದೀಪ ಆರಿಸಿದ ಮೇಲೆ ಜಗಲಿಗೆ ಹೋಗಿ ಕಂಬಕ್ಕೆ ಒರಗಿ ಕೂತು ಈ ಹಾಡು ಹೇಳುತ್ತಿದ್ದರು. ಹಾಡು ಎಂದರೆ ಪಲ್ಲವಿ ಅಷ್ಟೆ. ಚರಣಕ್ಕೆ ಬರುವಷ್ಟರಲ್ಲಿ ಗಂಟಲು ಕಟ್ಟಿ ನಿಂತುಬಿಡುತ್ತಿತ್ತು. ಮತ್ತೆ ಮೊದಲಿಂದ. ಮೊದಲ ವಾರ ನನಗೆ ಸಿಟ್ಟೇ ಬಂತು. ಹೆಂಡತಿ ಮಕ್ಕಳಿರುವ ಮನುಷ್ಯ, ಈ ವಯಸ್ಸಿನಲ್ಲಿ ಯಾವ ಹುಡುಗಿಗೆ ಅಳುತ್ತಾನೆ ಅಂದುಕೊಂಡೆ.

ಹುಡುಗಿ ಅಲ್ಲ. ಒಂದು ರಾತ್ರಿ ತಾವಾಗೇ ಹೇಳಿದರು. ಬಾಲ್ಯದ ಗೆಳೆಯನೊಬ್ಬ ಅಂಗಡಿ ಹಾಕುತ್ತೇನೆಂದು ಸಾಲ ತೆಗೆದ; ಇವರು ಜಾಮೀನಿಗೆ ಸಹಿ ಮಾಡಿದರು. ಅಂಗಡಿ ಮುಚ್ಚಿತು, ಗೆಳೆಯ ಊರು ಬಿಟ್ಟ. ಈಗ ತಿಂಗಳು ತಿಂಗಳು ಇವರ ಸಂಬಳದಲ್ಲಿ ಕಂತು ಮುರಿಯುತ್ತಿದೆ.

"ಹೆಂಡ್ತಿ ಬಂಗಾರ ಒತ್ತಿ ಇಟ್ಟೀನ್ರೀ. ಅದಲ್ಲ ದುಃಖ. ಅಂವಗ ಸೈಕಲ್ ಹೊಡಿಯೂದು ಕಲಿಸಿದಾಂವ ನಾನ. ಹಿಂದಿನ ಸೀಟ್ ಹಿಡ್ಕೊಂಡು ಊರತುಂಬ ಓಡೀನಿ."

"ಮೊದಲಿಂದಲೂ ಮೋಸಗಾರನೇ ಇದ್ದನೇನೋ, ನಿಮಗೆ ಗೊತ್ತಾಗಲಿಲ್ಲ ಅಷ್ಟೆ," ಅಂದೆ. ಸಮಾಧಾನಕ್ಕೆ ಅಂದ ಮಾತು.

"ಹಂಗಿದ್ರ ಚಲೋ ಇತ್ರೀ ಸರ. ಅಂವಾ ಖರೇನ ಗೆಳ್ಯಾ ಇದ್ದ. ಅದ ತ್ರಾಸು."

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಂಬಿಕೆದ್ರೋಹಕ್ಕೆ ನಮ್ಮಲ್ಲಿ ಗಾದೆಗಳಿಗೇನು ಕೊರತೆ? ಹಾವಿಗೆ ಹಾಲೆರೆದ ಹಾಗೆ ಅನ್ನುತ್ತೇವೆ. ಉಂಡ ಮನೆಯ ಗಳ ಎಣಿಸುವವನು ಅನ್ನುತ್ತೇವೆ. ಆದರೆ ಹಾವು ಹಾಲು ಕುಡಿಯುವಾಗಲೂ ಹಾವೇ. ಎರೆದವನು ದಡ್ಡ, ಅಲ್ಲಿಗೆ ಕಥೆ ಮುಗಿಯಿತು. ವಿಜಯನಾರಸಿಂಹ ಹಾವನ್ನು ತರಲಿಲ್ಲ, ಗಿಣಿಯನ್ನು ತಂದರು. ಗಿಣಿ ನಿಜವಾಗಿ ಗಿಣಿಯೇ ಆಗಿತ್ತು. ಕೈಮೇಲೆ ಕೂತು ಕಾಳು ತಿಂದಿತ್ತು, ಕಲಿಸಿದ ಮಾತನ್ನು ತಿರುಗಿ ಆಡಿತ್ತು. ಅದು ಆಮೇಲೆ ಹದ್ದಾಯಿತು. ಹಾಗಾಗಿ ಪೆಟ್ಟು ಬಿದ್ದದ್ದು ಇಂದಿಗೆ ಮಾತ್ರವಲ್ಲ, ಹಿಂದಿನ ಒಳ್ಳೆಯ ದಿನಗಳಿಗೂ ಬಿತ್ತು. ಆದರೂ ಆ ದಿನಗಳು ಸುಳ್ಳೆಂದು ಹಾಡು ಎಲ್ಲೂ ಹೇಳುವುದಿಲ್ಲ. ಮಾಸ್ತರರಿಗೆ ಬೇಕಾಗಿದ್ದದ್ದು ಅದೇ. ನಾನು ಹೇಳಿದ ಸಮಾಧಾನ ಅವರ ಇಪ್ಪತ್ತು ವರ್ಷದ ಗೆಳೆತನವನ್ನೇ ಕಸಿಯುತ್ತಿತ್ತು. ಹಾಡು ಅದನ್ನು ಕಸಿಯದೆ ಉಳಿಸಿಕೊಟ್ಟಿತು.

ಭಾನುವಾರ ಊರೊಳಗೆ ಹೋಗಲು ಬಿಡುತ್ತಿದ್ದರು. ಒಂದು ಚಹಾದಂಗಡಿಯಲ್ಲಿ ಕೂತಿದ್ದಾಗ ಮಾಸ್ತರರು ತಮಗೆ ತಿಳಿಯದಂತೆಯೇ ಆ ರಾಗ ಗುನುಗುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಕ್ರಾಪು ಸಣ್ಣಗೆ ಹೊಡೆಸಿಕೊಂಡಿದ್ದ ಹುಡುಗನೊಬ್ಬ ಎದ್ದು ಬಂದ. "ಸರ, ನೀವು ನಮ್ಮ ಕಡೇವ್ರೇನ್ರಿ?" ಬೆಳಗಾವಿ ಜಿಲ್ಲೆಯ ಜವಾನ. ಇನ್ನೊಮ್ಮೆ ಹಾಡಿಸಿದ. ಅವನ ಗಿಣಿ ಅವನ ಅಣ್ಣನಂತೆ. ಇವನು ಗಡಿಯಲ್ಲಿದ್ದಾಗ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. "ಅಣ್ಣಗ ಬೈಯಾಕ ಬಾಯಿ ಬರಂಗಿಲ್ರಿ. ಈ ಹಾಡು ಹಾಡ್ಕೋತೀನಿ," ಅಂದ. ಚಹಾದ ದುಡ್ಡನ್ನೂ ಅವನೇ ಕೊಟ್ಟ, ಬೇಡವೆಂದರೂ ಕೇಳಲಿಲ್ಲ.

ವೈದ್ಯನ ಪ್ರೇಮಭಂಗದ ಹಾಡು ಜಾಮೀನಿನ ಸಾಲಕ್ಕೆ ಬಂತು, ಹೊಲದ ಜಗಳಕ್ಕೂ ಬಂತು. ಕಾವ್ಯಮೀಮಾಂಸೆಯ ತರಗತಿಯಲ್ಲಿ 'ಸಾಧಾರಣೀಕರಣ' ಎಂಬ ಮಾತನ್ನು ನೀವು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬರುತ್ತೀರಿ. ಭಟ್ಟನಾಯಕ ಹೇಳಿದ್ದು, ಅಭಿನವಗುಪ್ತ ಬೆಳೆಸಿದ್ದು, ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ವಿವರವಾಗಿದೆ. ಕಾವ್ಯದ ದುಃಖ ಇಂಥವನದು, ಇಂಥ ಊರಿನದು ಎಂಬ ಕಟ್ಟು ಕಳಚಿಕೊಂಡು ಎಲ್ಲರದೂ ಆಗುವುದು. ನಾನು ಹತ್ತು ವರ್ಷ ಅದನ್ನು ಪಾಠ ಮಾಡಿದ್ದೆ. ಅರ್ಥವಾದದ್ದು ಕಾಮಠಿಯ ಚಹಾದಂಗಡಿಯಲ್ಲಿ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆಯುವ ಸಂಗತಿಯೂ ಅಲ್ಲ. ೧೯೭೮ರಲ್ಲಿ ಅಮೆರಿಕದ ಗ್ಲೋರಿಯಾ ಗೇನರ್ ಹಾಡಿದ 'ಐ ವಿಲ್ ಸರ್ವೈವ್' ಎಂಬ ಹಾಡು ಜಗತ್ತೆಲ್ಲ ಸುತ್ತಿತು. ಬಿಟ್ಟುಹೋದ ಪ್ರಿಯನಿಗೆ ಹೆಣ್ಣೊಬ್ಬಳು, ನೀನಿಲ್ಲದೆಯೂ ಬದುಕುತ್ತೇನೆ ಹೋಗು ಎನ್ನುವ ಹಾಡು. ಅದನ್ನು ಬರೆದವರಲ್ಲಿ ಒಬ್ಬನಾದ ಡಿನೋ ಫೆಕಾರಿಸನ ಒಡಲಲ್ಲಿದ್ದ ನೋವು ಪ್ರೇಮದ್ದಲ್ಲ, ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯಲ್ಲಿ ಕೆಲಸ ಹೋದದ್ದರದು. ಹಾಡಿದವಳಾದರೋ ಬೆನ್ನುಮೂಳೆಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಬೆನ್ನಿಗೆ ಪಟ್ಟಿ ಬಿಗಿದುಕೊಂಡೇ ಮೈಕಿನ ಮುಂದೆ ನಿಂತಿದ್ದಳು. ಒಬ್ಬನಿಗೆ ಕೆಲಸ, ಒಬ್ಬಳಿಗೆ ಬೆನ್ನು, ಕೇಳಿದವರಿಗೆ ಅವರವರದು. ಆದರೆ ಆ ಹಾಡಿನಲ್ಲಿ ಗೆಲುವಿದೆ, ಕೊನೆಗೆ ತಲೆಯೆತ್ತಿ ನಿಲ್ಲುವುದಿದೆ. ನಮ್ಮ ಗಿಣಿಯ ಹಾಡಿನಲ್ಲಿ ಅದೊಂದೂ ಇಲ್ಲ. ಹಾಡುವವನು ಸೋತು ಹುಚ್ಚನಾಗಿದ್ದಾನೆ. ಹಾಗಾದರೆ ಇದರಿಂದ ಬಲ ಹೇಗೆ ಬಂತು?

ಉತ್ತರ ಸಿಕ್ಕಿದ್ದು ಬಡಾಖಾನಾದ ರಾತ್ರಿ. ತರಬೇತಿ ಮುಗಿಯುವ ಮೊದಲು ಎಲ್ಲರೂ ಕೂಡಿ ಉಣ್ಣುವ ಹಬ್ಬದೂಟ ಅದು. ಒಂದೊಂದು ರಾಜ್ಯದವರು ಒಂದೊಂದು ಹಾಡು ಹೇಳಬೇಕೆಂದಾಯಿತು. ಪಂಜಾಬದವರು ಕುಣಿದರು, ಬಂಗಾಳದವರು ರವೀಂದ್ರಗೀತೆ ಹೇಳಿದರು. ಕರ್ನಾಟಕದ ಸರದಿ ಬಂದಾಗ ಯಾವುದಾದರೂ ನಾಡಗೀತೆ ಹೇಳೋಣವೆಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಮಾಸ್ತರರು ಎದ್ದು ನಿಂತು ಗಿಣಿಯ ಹಾಡು ಎತ್ತಿದರು. ಅವತ್ತು ಚರಣದಲ್ಲಿ ನಿಲ್ಲಲಿಲ್ಲ. ಪೂರ್ತಿ ಹಾಡಿದರು. ಆಂಧ್ರದ ಮೇಷ್ಟ್ರೊಬ್ಬರು ಮಾತು ಅರ್ಥವಾಗದಿದ್ದರೂ, "ಇದು ನಮ್ಮ ಬಾಲು ಹಾಡಿದ್ದು" ಎಂದು ಹಿಂದೆಯೇ ದನಿಗೂಡಿಸಿದರು. ಹೌದಷ್ಟೆ, ಬಾಲು ಅವರ ಮನೆಮಾತು ತೆಲುಗು. ೧೯೬೭ರ 'ನಕ್ಕರೆ ಅದೇ ಸ್ವರ್ಗ'ದಿಂದ ಕನ್ನಡಕ್ಕೆ ಬಂದವರು.

ಹಾಡು ಮುಗಿದ ಮೇಲೆ ನಾಗಪುರದ ಕಡೆಯ ಒಬ್ಬರು ಅರ್ಥ ಕೇಳಿದರು. ಮಾಸ್ತರರು ಹಿಂದಿಯಲ್ಲಿ ಹೇಳತೊಡಗಿದರು: "ತೋತಾ ಮೈನೇ ಹೀ ಪಾಲಾ ಥಾ, ಭಾಯಿ…"

ನಾನು ಬೆಚ್ಚಿದೆ. ಹಾಡಿನಲ್ಲಿ ಇರುವುದು 'ನೀನೇ'. ಅವರು ಅದನ್ನು 'ಮೈನೇ' ಮಾಡಿದ್ದರು. ನೀನು ಹೋಗಿ ನಾನು ಬಂದಿತ್ತು. ಅನುವಾದದ ತಪ್ಪೇ? ಅಲ್ಲ ಸ್ವಾಮಿ, ಕನ್ನಡ ಎಂ.ಎ. ಮಾಡಿದ ನನಗೆ ಕಾಣದ್ದು ಇತಿಹಾಸದ ಮಾಸ್ತರರಿಗೆ ಕಂಡಿತ್ತು.

ನೀವೇ ನೋಡಿ. ಹಾಡಿನ 'ನೀನು' ಯಾರು? ಗಿಣಿಯೆ? ಅಲ್ಲ. ಗಿಣಿಯ ವಿಷಯವನ್ನೆಲ್ಲ 'ಅದು' ಎಂದು ಪ್ರಥಮ ಪುರುಷದಲ್ಲಿ, ನಪುಂಸಕಲಿಂಗದ ಕ್ರಿಯಾಪದದಲ್ಲಿ ಹೇಳಿದೆ. ಅದು ಆಗಲೇ ಹಾರಿಹೋಗಿದೆ, ಎದುರಿಗಿಲ್ಲ. 'ನೀನು' ಅಂದರೆ ಗಿಣಿ ಸಾಕಿದವನು. ಗಿಣಿ ಸಾಕಿದವನಾದರೋ ಹಾಡುತ್ತಿರುವವನೇ. ಅಂದರೆ ತನ್ನನ್ನೇ ತಾನು 'ನೀನು' ಎಂದು ಕರೆದುಕೊಳ್ಳುತ್ತಿದ್ದಾನೆ. ಸಂದೇಹವಿದ್ದರೆ ಪಲ್ಲವಿಯ ಕ್ರಿಯಾಪದಗಳ ತುದಿಗೆ ಬರುವ 'ಅಲ್ಲೋ' ಗಮನಿಸಿ. ಆ 'ಓ' ಯಾರನ್ನು ಕರೆಯುತ್ತದೆ? ಬಾರೋ, ಕೇಳೋ, ಹೋಗೋ. ಗಂಡಸನ್ನು, ಅದೂ ಸಲಿಗೆಯವನನ್ನು. ಹೆಂಗಸಿಗೆ ಹೇಳುವುದಾಗಿದ್ದರೆ 'ಅಲ್ಲೇ' ಆಗಬೇಕಿತ್ತು. ಗೆಳೆಯ ಗೆಳೆಯನ ಹೆಗಲ ಮೇಲೆ ಕೈಹಾಕಿ, "ಎಂಥಾ ಕೆಲಸ ಆಗೋಯ್ತಲ್ಲೋ ಮಾರಾಯ" ಎನ್ನುವ ದನಿ ಅದು. ಆಡುತ್ತಿರುವ ಗೆಳೆಯನೂ ಅವನೇ, ಕೇಳುತ್ತಿರುವ ಗೆಳೆಯನೂ ಅವನೇ.

ಜೊತೆ ಯಾರೂ ಇಲ್ಲದ ಕಡೆ ಮನುಷ್ಯ ತನ್ನೊಳಗಿಂದಲೇ ಒಬ್ಬ ಜೊತೆಗಾರನನ್ನು ತೆಗೆದುಕೊಂಡಿದ್ದಾನೆ. ಬಲ ಇರುವುದು ಇಲ್ಲಿ ಎಂದು ನನ್ನ ತಿಳುವಳಿಕೆ. 'ನನಗೆ ಮೋಸವಾಯಿತು' ಎಂದು ಅಳುವಾಗ ನೋವು, ನಾನು ಎರಡೂ ಒಂದೇ ಮುದ್ದೆ. 'ನಿನಗೆ ಮೋಸವಾಯಿತಲ್ಲೋ' ಎಂದಾಗ ಒಂದು ಅಂಗುಲ ಜಾಗ ಬಿಡುತ್ತದೆ. ಆ ಒಂದು ಅಂಗುಲದಲ್ಲಿ ಉಸಿರಾಡಬಹುದು. ಇದೇನು ಸಿನಿಮಾದವರು ಕಂಡುಹಿಡಿದದ್ದಲ್ಲ. ಕನಕದಾಸರೂ ಪುರಂದರದಾಸರೂ ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು 'ಮನವೇ' ಎಂದು ಬುದ್ಧಿ ಹೇಳಿದರು. ಡಿ.ವಿ.ಜಿ.ಯವರು ೧೯೪೩ರ 'ಮಂಕುತಿಮ್ಮನ ಕಗ್ಗ'ದ ಉದ್ದಕ್ಕೂ ತಿಮ್ಮನೆಂಬವನನ್ನು ಕರೆಯುತ್ತ ಹೋಗುತ್ತಾರೆ. ಆ ತಿಮ್ಮ ಬೇರೆ ಯಾರೋ ಎಂದುಕೊಂಡು ಓದಿದರೆ ಅರ್ಧ ಕಗ್ಗ ಕೈತಪ್ಪುತ್ತದೆ.

ಇನ್ನೊಂದು ಅಕ್ಷರ ಉಳಿದಿದೆ. 'ನೀನೇ' ಎಂಬಲ್ಲಿಯ ಏಕಾರ. ವ್ಯಾಕರಣದಲ್ಲಿ ಅವಧಾರಣೆ ಎನ್ನುತ್ತೇವೆ. ಸಾಕಿದವನು ನೀನೇ, ಬೇರೆ ಯಾರೂ ಅಲ್ಲ. ಅದರಲ್ಲಿ ಮರುಕವಿದೆ, ಸಣ್ಣದೊಂದು ಚುಚ್ಚೂ ಇದೆ. ಗಿಣಿ ತಾನಾಗಿ ಬಂದು ನಿನ್ನ ಪಂಜರದಲ್ಲಿ ಕೂತಿರಲಿಲ್ಲ, ಹಿಡಿದು ತಂದು ಸಾಕಿದವನು ನೀನು. ಮಾಸ್ತರರು ಹಿಂದಿಗೆ ತರುವಾಗ ಆ 'ಹೀ'ಯನ್ನು ಬಿಡಲಿಲ್ಲ. ಸಹಿ ಹಾಕಿದ್ದು ನಾನೇ ಎಂಬುದನ್ನು ನೂರು ಜನರ ಮುಂದೆ, ನಗುಮುಖದಿಂದಲ್ಲದಿದ್ದರೂ ನೆಟ್ಟಗೆ ನಿಂತು ಹೇಳಿದರು.

ಈಗ ಜನ್ನನಿಗೆ ಬರೋಣ. ಅಂದು ನಗುವಿನಲ್ಲಿ ನಿಂತುಹೋದ ಪಾಠ ಅದು.

೧೨೦೯ರ ಕಾವ್ಯ. ಯಶೋಧರ ರಾಜ ತನ್ನ ರಾಣಿಯ ಹಿಂದೆಯೇ ಕತ್ತಲಲ್ಲಿ ಹೋಗಿ, ವಿಕಾರರೂಪಿಯಾದ ಮಾವುತ ಅಷ್ಟಾವಂಕನ ಹತ್ತಿರ ಅವಳನ್ನು ನೋಡುತ್ತಾನೆ. ತಡವಾಗಿ ಬಂದಳೆಂದು ಅವನು ಹೊಡೆದದ್ದನ್ನೂ, ಅವಳು ಅದನ್ನು ಸಹಿಸಿಕೊಂಡದ್ದನ್ನೂ ನೋಡುತ್ತಾನೆ. ಕತ್ತಿಗೆ ಕೈಹಾಕಿ ಮತ್ತೆ ತಡೆದುಕೊಳ್ಳುತ್ತಾನೆ. ಅಲ್ಲಿಯವರೆಗೆ ಅವನು ದೊಡ್ಡವನೇ. ಬೆಳಗಾದ ಮೇಲೆ ತಾಯಿ ಚಂದ್ರಮತಿ ಮಗನ ಮುಖ ಬಾಡಿದ್ದನ್ನು ಕಂಡು ಕೇಳುತ್ತಾಳೆ. ಆಗ ಅವನು ಏನು ಹೇಳಿದ? ಒಂದು ಕನಸು ಕಂಡೆ, ತಾವರೆಗೊಳದ ಹಂಸೆಯೊಂದು ಅದನ್ನು ಬಿಟ್ಟು ಕೊಳಕು ನೀರಿಗೆ ಹೋಗಿ ಆಡುತ್ತಿತ್ತು ಎಂದ. ಅಲ್ಲಿಯೂ ಹಕ್ಕಿ, ಇಲ್ಲಿಯೂ ಹಕ್ಕಿ! ಆದರೆ ವ್ಯತ್ಯಾಸ ನೋಡಿ. ಅವನು ಹಕ್ಕಿಯನ್ನು ತಂದದ್ದು ನೋವನ್ನು ಹೇಳುವುದಕ್ಕಲ್ಲ, ಮುಚ್ಚುವುದಕ್ಕೆ. ತಾಯಿ ಅದನ್ನು ನಿಜವಾದ ಕೆಟ್ಟ ಕನಸೆಂದೇ ನಂಬಿ, ದೇವಿಗೆ ಬಲಿ ಕೊಡೋಣ ಎಂದಳು. ಜೀವಹಿಂಸೆ ಬೇಡವೆಂದು ಇವನು. ಕೊನೆಗೆ ಹಿಟ್ಟಿನ ಕೋಳಿಗೆ ರಾಜಿಯಾಯಿತು. ಆ ಹಿಟ್ಟಿನ ಕೋಳಿಯ ಪಾಪ ಇಬ್ಬರನ್ನೂ ಎಷ್ಟು ಜನ್ಮ ಅಟ್ಟಿಸಿಕೊಂಡು ಹೋಯಿತೆಂಬುದೇ ಮುಂದಿನ ಕಾವ್ಯ. ಗಿರೀಶ ಕಾರ್ನಾಡರು ೧೯೮೦ರಲ್ಲಿ 'ಹಿಟ್ಟಿನ ಹುಂಜ' ಬರೆದದ್ದು ಇದೇ ಕಥೆಯನ್ನು ಹಿಡಿದು.

ಜನ್ನ ಹೇಳಹೊರಟದ್ದು ಸಂಕಲ್ಪಹಿಂಸೆಯ ವಿಚಾರ, ಜೈನಧರ್ಮದ ತತ್ತ್ವ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ. ಆದರೆ ಕಾಮಠಿಯಿಂದ ಬಂದ ಮೇಲೆ ನನಗೆ ಆ ಬೆಳಗಿನ ದೃಶ್ಯದಲ್ಲಿ ಬೇರೆಯದೇ ಕಾಣುತ್ತದೆ. ಆ ಅರಸನಿಗೆ ತನ್ನ ನೋವನ್ನು ತನ್ನದೆಂದು ಹೇಳಿಕೊಳ್ಳಲು ಒಂದು ಹಾಡಿರಲಿಲ್ಲ. ಹೆತ್ತ ತಾಯಿಯ ಎದುರೂ ಮಾತು ಹೊರಡಲಿಲ್ಲ. ಮಾವುತನಿಗಾದರೂ ಹಾಡಿತ್ತು.

ಕಾರಿಡಾರಿನ ಹಾಡುಗಾರನಿಗೆ ಈಗ ನಾನು ಹೇಳಬೇಕಾದದ್ದಿದೆ. ಅವನ ಹೆಸರು ಬರೆಯುವುದಿಲ್ಲ, ಬರೆಯದಿದ್ದರೂ ಅವನಿಗೆ ಗೊತ್ತು. ಅವನೂ ನೋವು ಉಂಡಿರಬಹುದು, ಇಲ್ಲವೆನ್ನಲು ನಾನು ಯಾರು? ಆದರೆ ತಮ್ಮಾ, ನೀನು ಹಾಡುತ್ತಿರುವುದು ವ್ಯಾಕರಣದ ಪ್ರಕಾರವೇ ತಪ್ಪು. ಆ 'ಅಲ್ಲೋ' ಅವಳಿಗೆ ಸಲ್ಲುವುದಿಲ್ಲ. ಅದು ನಿನಗೆ. ಅವಳ ಮುಖ ನೋಡಿ ಹಾಡಿದ ಕ್ಷಣ ಹಾಡಿನೊಳಗಿನ ಗೆಳೆಯ ಎದ್ದುಹೋಗುತ್ತಾನೆ, ಬರೀ ಬೈಗುಳ ಉಳಿಯುತ್ತದೆ.

ಇನ್ನು ಅವಳು ನಿಜವಾಗಿ ಹದ್ದೇ ಎಂಬುದು ಬೇರೆ ಪ್ರಶ್ನೆ. 'ಮಾನಸ ಸರೋವರ'ದ ವಾಸಂತಿಯನ್ನೇ ತೆಗೆದುಕೊಳ್ಳಿ. ಅವಳು ವೈದ್ಯನಿಗೆ ಮಾತು ಕೊಟ್ಟು ತಪ್ಪಿದವಳಲ್ಲ. ಗುಣವಾದಳು, ತನಗೆ ಬೇಕಾದವನನ್ನು ಪ್ರೀತಿಸಿದಳು. ರೆಕ್ಕೆ ಬಲಿತ ಗಿಣಿ ಹಾರಿತು, ಅಷ್ಟೆ. ಅದು ಹದ್ದಾಗಿ ಕಂಡದ್ದು ಬುದ್ಧಿ ಕೆಟ್ಟವನ ಕಣ್ಣಿಗೆ. ಪುಟ್ಟಣ್ಣನವರು ಈ ಹಾಡನ್ನು ಆರೋಗ್ಯವಂತನ ಬಾಯಲ್ಲಿ ಇಡಲಿಲ್ಲವೆಂಬುದನ್ನು ನಾವು ಮರೆತು, ಆರ್ಕೆಸ್ಟ್ರಾದಲ್ಲಿ ಒನ್ಸ್ ಮೋರ್ ಕೂಗಿದೆವು. ಅದೇ ನಿರ್ದೇಶಕರು ೧೯೭೧ರಲ್ಲಿ ತ್ರಿವೇಣಿಯವರ ಕಾದಂಬರಿಯಿಂದ 'ಶರಪಂಜರ' ತೆಗೆದಿದ್ದರು. ಅಲ್ಲಿಯ ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬರುತ್ತಾಳೆ. ಗಂಡ ಅಷ್ಟರಲ್ಲಿ ಬೇರೊಬ್ಬಳನ್ನು ನೋಡಿಕೊಂಡಿರುತ್ತಾನೆ. ಮೋಸವೆಂದರೆ ಅದು ಮೋಸ. ಅವಳ ಪರವಾಗಿ ಯಾವ ಕಾರಿಡಾರಿನಲ್ಲೂ ಯಾರೂ ಗುನುಗಿದ್ದು ನಾನು ಕೇಳಿಲ್ಲ.

ಹಾಗಾದರೆ ತಪ್ಪು ತೀರ್ಪು ಹೇಳುವ ಹಾಡಿನಿಂದ ಬಲ ಪಡೆಯುವುದು ಸರಿಯೆ ಎಂದು ನೀವು ಕೇಳಬಹುದು. ಮೂರನೇ ಬೆಂ­ಚಿನವಳೇ ಮೊನ್ನೆ ಸ್ಟಾಫ್‌ರೂಮಿಗೆ ಬಂದು ಇದನ್ನೇ ಕೇಳಿದಳು. ನಾನು ಅಂದು ನಕ್ಕದ್ದಕ್ಕೆ ಕ್ಷಮೆ ಕೇಳಿ, ಈ ಲೇಖನದ ಕರಡನ್ನು ಅವಳಿಗೆ ಓದಲು ಕೊಟ್ಟಿದ್ದೆ. "ಸಾರ್, ನಿಮ್ಮ ಮಾಸ್ತರರ ಗೆಳೆಯ ನಿಜವಾಗ್ಲೂ ಮೋಸ ಮಾಡಿದ. ವಾಸಂತಿ ಮಾಡ್ಲಿಲ್ಲ. ಎರಡಕ್ಕೂ ಒಂದೇ ಹಾಡು ಹೇಗೆ ಆಗತ್ತೆ?" ನಾನು ಸಾಧಾರಣೀಕರಣ ಎಂದು ಶುರುಮಾಡಿದೆ. ಅವಳು ಒಪ್ಪಲಿಲ್ಲ. ನೋವಿಗೆ ಹಾಡು ಸಾಕ್ಷಿ ಹೇಳಬಹುದು, ಅಪರಾಧಕ್ಕೆ ಸಾಕ್ಷಿ ಹೇಳಲಾರದು ಎಂದು ಆಮೇಲೆ ಮನೆಗೆ ಹೋಗುವಾಗ ನನಗೆ ಹೊಳೆಯಿತು. ಅವಳಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿಯಾದರೂ ತಿಳಿಯಲಿ. ಒಪ್ಪದಿದ್ದರೆ ಮುಂದಿನ ಸಂಚಿಕೆಗೆ ಉತ್ತರ ಬರೆಯಲಿ, ಸಂಪಾದಕರು ಎರಡು ಪುಟ ಬಿಡುತ್ತಾರೆ.

ಜನ್ನನ ಮುಂದಿನ ಭಾಗ ಮಂಗಳವಾರದಿಂದ. ಬರುವಾಗ ಯಶೋಧರ ತಾಯಿಗೆ ಕನಸು ಹೇಳುವ ಪದ್ಯಗಳನ್ನು ಓದಿಕೊಂಡು ಬನ್ನಿ. ಗಿಣಿಯ ಹಾಡನ್ನೂ ಒಮ್ಮೆ ಪೂರ್ತಿ ಕೇಳಿ, 'ನೀನು' ಇರುವ ಕಡೆಯೆಲ್ಲ 'ನಾನು' ಹಾಕಿ ಹೇಳಿಕೊಂಡು ನೋಡಿ. ಎಲ್ಲಿ ದನಿ ಕಟ್ಟುತ್ತದೆಂದು ಗುರುತು ಮಾಡಿಕೊಳ್ಳಿ.

ಮಾಸ್ತರರ ಸುದ್ದಿ ಹೇಳಲಿಲ್ಲ. ಕಾಮಠಿಯ ಸ್ಟೇಷನ್ನಿನಲ್ಲಿ ಕೈಕುಲುಕಿ ಬೀಳ್ಕೊಂಡವರು ಆಗೊಮ್ಮೆ ಈಗೊಮ್ಮೆ ಕಾರ್ಡು ಹಾಕುತ್ತಿದ್ದರು. ಗೆಳೆಯ ತಿರುಗಿ ಬರಲಿಲ್ಲ, ದುಡ್ಡೂ ಬರಲಿಲ್ಲ. ಮೂರ್ನಾಲ್ಕು ವರ್ಷದ ಮೇಲೆ ಒಂದು ಕಾರ್ಡು ಬಂತು: "ಕೊನೀ ಕಂತು ಈ ತಿಂಗಳಿಗೆ ಮುಗೀತ್ರೀ ಸರ. ಹೆಂಡ್ತಿ ಬಂಗಾರ ಬಿಡಿಸ್ಕೊಂಡ ಬಂದೆ. ಮೊನ್ನೆ ಹಾಡಾಕ ಕೂತ್ರ ಎರಡನೇ ಚರಣ ಪೂರಾ ಮರ್ತೇನ್ರಿ. ನಿಮಗ ನೆನಪಿದ್ರ ಬರದು ಕಳಸ್ರಿ."

ನನಗೂ ನೆನಪಿರಲಿಲ್ಲ. ಕ್ಯಾಸೆಟ್ ಹುಡುಕಿ, ಟೇಪ್‌ರೆಕಾರ್ಡರಿಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ಬರೆದು ಮಾರನೆಯ ದಿನದ ಟಪಾಲಿಗೆ ಹಾಕಿದೆ.